ಪಟ್ಟಿ ಉದ್ದ, ನಿದ್ದೆ ಗಿಡ್ಡ

ತಿಂಗಳ ಹಿಂದೆ ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಆಕೆಯ ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಎರಡು ತಿಂಗಳಿಂದ ತಲೆನೋವು, ಬೆಳಿಗ್ಗೆ ಏಳುವಾಗಲೇ ಸುಸ್ತು, ಊಟ ಬೇಡ. ಕಣ್ಣಿನ ಪರೀಕ್ಷೆ ಆಗಿತ್ತು. ರಕ್ತ ಪರೀಕ್ಷೆಯಲ್ಲೂ ದೋಷವಿರಲಿಲ್ಲ. 'ಒಳ್ಳೇ ಟಾನಿಕ್ ಬರೆದುಕೊಡಿ ಡಾಕ್ಟ್ರೇ' ಎಂದರು ತಾಯಿ.

ನಾನು ಹುಡುಗಿಯ ದಿನಚರಿ ಕೇಳಿದೆ. ಬೆಳಿಗ್ಗೆ ಐದಕ್ಕೆ ಎದ್ದು ಈಜು, ನಂತರ ಕಾಲೇಜು, ಸಂಜೆ ಟ್ಯೂಷನ್, ವಾರಕ್ಕೆರಡು ದಿನ ಭರತನಾಟ್ಯ, ಎರಡು ದಿನ ಚರ್ಚಾಸ್ಪರ್ಧೆಯ ತರಬೇತಿ, ಭಾನುವಾರ ಸಮಾಜಸೇವೆ. ಮಲಗುವಾಗ ರಾತ್ರಿ ಹನ್ನೆರಡು. 'ಅಮೆರಿಕದ ಕಾಲೇಜಿಗೆ ಅರ್ಜಿ ಹಾಕಬೇಕು. ಅಲ್ಲಿ ಬರೀ ಮಾರ್ಕ್ಸ್ ಸಾಲದಂತೆ' ಎಂದರು ತಾಯಿ. 'ಇವುಗಳಲ್ಲಿ ನಿನಗೆ ಇಷ್ಟವಾದದ್ದು ಯಾವುದಮ್ಮಾ?' ಎಂದು ಕೇಳಿದರೆ ಹುಡುಗಿ ತಾಯಿಯ ಮುಖ ನೋಡಿದಳು.

ಕಾಲೇಜುಗಳು ಕೇಳುವುದೇನು?

ತಾಯಿಯ ಮಾತು ಸುಳ್ಳಲ್ಲ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ 'ಕಾಮನ್ ಆ್ಯಪ್' ಎಂಬ ಅರ್ಜಿಯಲ್ಲಿ ಪಠ್ಯೇತರ ಚಟುವಟಿಕೆಗಳಿಗೆ 10 ಸಾಲುಗಳಿವೆ. ಆದರೆ ಹತ್ತನ್ನೂ ತುಂಬಲೇಬೇಕೆಂಬ ನಿಯಮವಿಲ್ಲ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಅಲ್ಲಿ ಕೇಳುತ್ತಾರೆ. ಮನೆಯ ಜವಾಬ್ದಾರಿಯನ್ನೂ, ಸಂಬಳದ ಕೆಲಸವನ್ನೂ ಅಲ್ಲಿ ಬರೆಯಬಹುದು. ಅಜ್ಜಿಯ ಆರೈಕೆಯೂ, ಅಪ್ಪನ ಅಂಗಡಿಯ ಲೆಕ್ಕವೂ ಬರೆಯತಕ್ಕ ಕೆಲಸಗಳೇ.

ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ಶಾಲೆಯಿಂದ 2016ರಲ್ಲಿ ಬಂದ ವರದಿಯೊಂದು, ಎರಡು ಮೂರಕ್ಕಿಂತ ಹೆಚ್ಚು ಚಟುವಟಿಕೆ ತೋರಿಸಬೇಕೆಂಬ ಒತ್ತಡ ಮಕ್ಕಳ ಮೇಲೆ ಇರಬಾರದೆಂದು ಕಾಲೇಜುಗಳಿಗೆ ಸಲಹೆ ಮಾಡಿತು.

ನಮ್ಮ ಸಿಇಟಿ, ಜೆಇಇ, ನೀಟ್‌ಗಳ ಸಂಗತಿ ಬೇರೆ. ಇಲ್ಲಿ ಸೀಟು ಕೊಡಿಸುವುದು ರ‍್ಯಾಂಕು. ಕ್ರೀಡೆ, ಎನ್‌ಸಿಸಿ ಮುಂತಾದ ವಿಶೇಷ ವರ್ಗಗಳಲ್ಲಿ ಇರುವುದು ಕೆಲವೇ ಸೀಟುಗಳು. ಮದ್ರಾಸ್ ಐಐಟಿ 2024ರಲ್ಲಿ ಕ್ರೀಡಾ ಸಾಧಕರ ಪ್ರವೇಶ ಆರಂಭಿಸಿದಾಗಲೂ, ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಪಟ್ಟಿಯಲ್ಲಿ ಸ್ಥಾನದ ಜೊತೆಗೆ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಟ್ಟದ ಪದಕವನ್ನೂ ಕೇಳಿತು. ಬೇಸಿಗೆ ಶಿಬಿರದ ಪ್ರಮಾಣಪತ್ರಗಳ ಕಂತೆಯಿಂದ ಅಲ್ಲಿ ಪ್ರಯೋಜನವಿಲ್ಲ.

ದೇಹ ಏನು ಹೇಳುತ್ತದೆ?

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. 'ಬೇಗ ಮಲಗು' ಎಂದರೂ ಮಗುವಿಗೆ ನಿದ್ದೆ ಹತ್ತದಿರುವುದು ಹಟದಿಂದಲ್ಲ. ಅಂಥ ಮಗುವನ್ನು ಐದಕ್ಕೆ ಎಬ್ಬಿಸಿದರೆ ಕಡಿತವಾಗುವುದು ನಿದ್ದೆಯೇ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟ ಮಗು ಎರಡು ಗಂಟೆ ಹೆಚ್ಚು ಓದಿದರೂ ಉಳಿಯುವುದು ಕಡಿಮೆ. ತಲೆನೋವು, ಹೊಟ್ಟೆನೋವು, ಸಿಡುಕು, ಅಳು ಇವೆಲ್ಲ ಹಿಂದೆಯೇ ಬರುತ್ತವೆ.

ಹಾಗೆಂದು ಆಟವನ್ನೇ ಬಿಡಿಸಬೇಡಿ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಒಂದೇ ಆಟದ ತರಬೇತಿ ಬಿಡುವಿಲ್ಲದೆ ನಡೆದರೆ ಮಂಡಿ, ಭುಜ, ಹಿಮ್ಮಡಿಗಳಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇರಲಿ.

ಆರಿಸುವುದು ಹೇಗೆ?

* ಮೊದಲು ನಿದ್ದೆ, ಊಟ, ಓದಿನ ಹೊತ್ತನ್ನು ಕಾಗದದ ಮೇಲೆ ಬರೆಯಿರಿ. ಉಳಿದ ಹೊತ್ತಿನಲ್ಲಿ ಹಿಡಿಸುವಷ್ಟೇ ಚಟುವಟಿಕೆ ಇರಲಿ.

* 'ಪ್ರಮಾಣಪತ್ರ ಸಿಗದಿದ್ದರೂ ಇದನ್ನು ಮಾಡುತ್ತೀಯಾ?' ಎಂದು ಮಗುವನ್ನು ಕೇಳಿ. ಹೌದೆಂದದ್ದನ್ನು ಉಳಿಸಿ.

* ಒಂದೆರಡನ್ನು ವರ್ಷಗಟ್ಟಲೆ ಮಾಡಲಿ. ಅರ್ಜಿಯ ವರ್ಷದಲ್ಲಿ ನಾಲ್ಕು ಹೊಸದನ್ನು ಸೇರಿಸಬೇಡಿ.

* ಅವುಗಳಲ್ಲಿ ಒಂದಾದರೂ ಮೈ ಆಡಿಸುವಂಥದ್ದಾಗಿರಲಿ.

ಮೂರು ವಾರ ಕಳೆದರೂ ನಿದ್ದೆ ಬಾರದಿದ್ದರೆ, ತೂಕ ಇಳಿದರೆ, ತಲೆನೋವು ಹೆಚ್ಚುತ್ತಾ ಹೋದರೆ, ಗೆಳೆಯರೊಡನೆ ಮಾತು ನಿಂತರೆ ವೈದ್ಯರಿಗೆ ತೋರಿಸಿ. 'ಬದುಕಿ ಏನು ಪ್ರಯೋಜನ' ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಲಭ್ಯವಿದ್ದು, ಕನ್ನಡದಲ್ಲೂ ಮಾತನಾಡಬಹುದು.

ಆ ಹುಡುಗಿ ಕೊನೆಗೆ ಉತ್ತರ ಕೊಟ್ಟದ್ದು ತಾಯಿ ಔಷಧಿ ಚೀಟಿಗೆ ಕೈಚಾಚಿದಾಗ: 'ನನಗೆ ಡ್ಯಾನ್ಸ್ ಸಾಕು.' ಚೀಟಿಯಲ್ಲಿ ನಾನು ಬರೆದದ್ದು ಇಷ್ಟೇ: ರಾತ್ರಿ ಹತ್ತೂವರೆಗೆ ದೀಪ ಆರಿಸುವುದು, ಬೆಳಿಗ್ಗೆ ಆರೂವರೆಗೆ ಏಳುವುದು, ವಾರಕ್ಕೆ ಎರಡು ದಿನ ನೃತ್ಯ, ಉಳಿದ ಸಂಜೆ ಬಿರುಸು ನಡಿಗೆ. ಕಳೆದ ವಾರ ತಾಯಿ ಮತ್ತೆ ಬಂದಿದ್ದರು, ತಮ್ಮ ಮಂಡಿನೋವಿಗೆ. ಮಗಳ ತಲೆನೋವು ಹೇಗಿದೆ ಎಂದೆ. 'ಅದರ ಸುದ್ದಿಯೇ ಎತ್ತಿಲ್ಲ ಡಾಕ್ಟ್ರೇ' ಎಂದರು.