ಬದಲಿ ಆಟಗಾರನ ಓಟ

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಮೂವತ್ತು ಕಿಲೋಮೀಟರಿಗೆ ತುಸು ಮೇಲೆ, ಹಿರಿಯೂರಿಗೆ ಸುಮಾರು 40, ಹೊಸದುರ್ಗಕ್ಕೆ 60ರ ಆಸುಪಾಸು. ವೃತ್ತಿಪರ ಕಾಲ್ಚೆಂಡಾಟದಲ್ಲಿ ಮೊದಲಿನಿಂದ ಕೊನೆಯವರೆಗೆ ಆಡುವವನು 90 ನಿಮಿಷಗಳಲ್ಲಿ ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರು ಕ್ರಮಿಸುತ್ತಾನೆ. ಅಂದರೆ ಮೂರು ಪಂದ್ಯಗಳಿಗೆ ಹೊಳಲ್ಕೆರೆ, ನಾಲ್ಕಕ್ಕೆ ಹಿರಿಯೂರು, ಆರನೆಯದು ಮುಗಿಯುವ ಹೊತ್ತಿಗೆ ಹೊಸದುರ್ಗ.

ನಾಯಕನಹಟ್ಟಿಯ ಜಾತ್ರೆಗೆ ನಡೆದೇ ಹೋಗಬಲ್ಲ ನಮ್ಮ ಜನಕ್ಕೆ ಈ ದೂರ ಅಂಥ ಸೋಜಿಗವೇನಲ್ಲ. ಸೋಜಿಗವಿರುವುದು ಆ ದೂರದ ಒಳವಿಭಜನೆಯಲ್ಲಿ. ಅದರ ಬಹುಪಾಲು ನಡಿಗೆ ಮತ್ತು ಹಗುರವಾದ ಓಟ. ಗಂಟೆಗೆ 20 ಕಿಲೋಮೀಟರಿಗೂ ಮಿಕ್ಕ ವೇಗದ ಓಟ ಒಂದು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಉಸಿರು ಕಟ್ಟಿ ಧಾವಿಸುವುದು ಒಟ್ಟಿನಲ್ಲಿ ಇನ್ನೂರು, ಮುನ್ನೂರು ಮೀಟರು, ಅದೂ ಎರಡು ಮೂರು ಸೆಕೆಂಡುಗಳ ತುಣುಕುಗಳಲ್ಲಿ. ಆದರೆ ಪಂದ್ಯದ ಹಣೆಬರಹವನ್ನು ನಿರ್ಧರಿಸುವುದು ಹೆಚ್ಚಾಗಿ ಈ ತುಣುಕುಗಳೇ.

ಹಿಂದೆ ಈ ಭಾರವನ್ನೆಲ್ಲ ಹನ್ನೊಂದು ಮಂದಿಯೇ ಹೊರಬೇಕಾಗಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಫ್ರಾನ್ಸಿನ ವಿರುದ್ಧ ಗೋಲು ಹೊಡೆದಾಗ ದಣಿದವನಿಗೆ ಬದಲಿ ಎಂಬ ಮಾತೇ ಇರಲಿಲ್ಲ. ಇಂಗ್ಲೆಂಡಿನ ಲೀಗಿಗೆ ಬದಲಿ ಆಟಗಾರ ಬಂದದ್ದು 1965ರಲ್ಲಿ, ವಿಶ್ವಕಪ್ಪಿಗೆ 1970ರಲ್ಲಿ. ಕೊರೋನಾ ಪಿಡುಗಿನ 2020ರಲ್ಲಿ ತಾತ್ಕಾಲಿಕವಾಗಿ ಐವರನ್ನು ಬದಲಿಸಲು ಅನುಮತಿ ದೊರೆಯಿತು. 2022ರಲ್ಲಿ ಅದು ನಿಯಮಾವಳಿಯಲ್ಲೇ ನೆಲೆಗೊಂಡಿತು. ಗೋಲ್‌ಕೀಪರನನ್ನು ಬಿಟ್ಟರೆ ತಂಡದ ಅರ್ಧದಷ್ಟು ಮಂದಿಯನ್ನು ಈಗ ಒಂದೇ ಪಂದ್ಯದಲ್ಲಿ ಬದಲಿಸಬಹುದು.

ಆಟಗಾರರ ಓಟವನ್ನು ಅಳೆಯುವ ಪ್ರಯತ್ನವೂ ಹಳೆಯದೇ. 1976ರಲ್ಲಿ ರೀಲಿ ಮತ್ತು ಥಾಮಸ್ ಎಂಬ ಸಂಶೋಧಕರು ಇಂಗ್ಲೆಂಡಿನ ಆಟಗಾರರನ್ನು ಕಣ್ಣಿನಿಂದಲೇ ಹಿಂಬಾಲಿಸಿ, ಅವರ ಚಲನೆಗಳನ್ನು ಧ್ವನಿಸುರುಳಿಯಲ್ಲಿ ದಾಖಲಿಸಿ ಲೆಕ್ಕ ಹಾಕಿದ್ದರು. 2003ರಲ್ಲಿ ಮೋರ್, ಕ್ರುಸ್ಟ್ರುಪ್ ಮತ್ತು ಬಾಂಗ್ಸ್‌ಬೊ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಅಂಶವೊಂದಿದೆ: ಪಂದ್ಯದ ಕೊನೆಯ 15 ನಿಮಿಷಗಳಲ್ಲಿ, ಬದಲಿಯಾಗಿ ಬಂದವರು ಪೂರ್ತಿ ಆಡಿದವರಿಗಿಂತ ಶೇಕಡ 25ರಷ್ಟು ಹೆಚ್ಚು ದೂರವನ್ನು ತೀವ್ರಗತಿಯಲ್ಲಿ ಓಡಿದ್ದರು. ಇದಕ್ಕೆ ಕಾರಣ ಸ್ನಾಯುವಿನಲ್ಲಿದೆ. ಅಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಶರ್ಕರವು ಪಂದ್ಯ ಮುಗಿಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಸ್ನಾಯುತಂತುಗಳಲ್ಲಿ ಬರಿದಾಗುವ ಹಂತಕ್ಕೆ ಬಂದಿರುತ್ತದೆ. ಹೊಸಬನ ಕಣಜ ಆಗ ತುಂಬಿಯೇ ಇರುತ್ತದೆ.

ಹಾಗೆಂದು ಬದಲಿ ಆಟಗಾರನ ಪಾಡು ಸುಖದ್ದೆನ್ನಲಾಗದು. ಪಂದ್ಯಕ್ಕೆ ಮುನ್ನ ಕಾಯಿಸಿಕೊಂಡ ಮೈ ಒಂದು ಗಂಟೆ ಬೆಂಚಿನ ಮೇಲೆ ಕೂತರೆ ತಣ್ಣಗಾಗುತ್ತದೆ. ಕಾಲು ಗಂಟೆಯ ವಿರಾಮಕ್ಕೇ ಸ್ನಾಯುವಿನ ಉಷ್ಣತೆ ಸುಮಾರು ಎರಡು ಡಿಗ್ರಿ ಇಳಿಯುವುದೂ, ಅದರೊಡನೆ ಓಟದ ವೇಗ ಕುಂದುವುದೂ ಪ್ರಯೋಗಗಳಿಂದ ತಿಳಿದಿದೆ. ತಣಿದ ಸ್ನಾಯುವಿನವನು ಒಮ್ಮೆಲೇ ಧಾವಿಸಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುವ ಭಯ. ಗೆರೆಯಾಚೆ ಬದಲಿಗಳು ಕುಣಿಯುತ್ತ, ನೆಗೆಯುತ್ತ ಇರುವುದು ಪ್ರೇಕ್ಷಕರ ರಂಜನೆಗಲ್ಲ.

ಇದಕ್ಕಿಂತ ಗಂಭೀರವಾದ ನಷ್ಟ ತಿಂಗಳುಗಳ ಮೇಲೆ ಗೋಚರಿಸುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತಂಡವೊಂದನ್ನು ಇಡೀ ಋತು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಯಂ ಆಟಗಾರರೂ ಬೆಂಚಿನವರೂ ಕ್ರಮಿಸಿದ ಒಟ್ಟು ದೂರದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ವೇಗದ ಓಟದಲ್ಲಿ ಮಾತ್ರ ಅಂತರ ಎದ್ದು ಕಂಡಿತು. ಅಭ್ಯಾಸವೆಷ್ಟೇ ನಡೆದರೂ ಪಂದ್ಯದ ಧಾವಂತ ಅದರಲ್ಲಿ ದೊರೆಯದು. ಹೀಗೆ ಕೂತವನು ದಿನೇ ದಿನೇ ಆ ವೇಗಕ್ಕೆ ಅಪರಿಚಿತನಾಗುತ್ತಾನೆ; ಕರೆ ಬಂದ ದಿನ ಅವನಿಂದ ನಿರೀಕ್ಷಿಸುವುದೋ ಅದೇ ವೇಗವನ್ನು! ಇದು ಅನ್ಯಾಯವೆಂದೇ ನನಗನ್ನಿಸುತ್ತದೆ.

ಈ ಸಮಸ್ಯೆಯನ್ನು ಗೆದ್ದ ಉದಾಹರಣೆ ನಮ್ಮ ಬೆಂಗಳೂರಿನ ತಂಡದಲ್ಲೇ ಇದೆ. 2025ರ ಏಪ್ರಿಲ್ 6ರಂದು ಗೋವಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಸೆಮಿಫೈನಲ್ಲಿನ ಎರಡನೆಯ ಪಂದ್ಯದಲ್ಲಿ ಸುನಿಲ್ ಛೆಟ್ರಿ ಬದಲಿಯಾಗಿ ಇಳಿದರು. ಆಗ ಅವರಿಗೆ 40 ವರ್ಷ. ನಿಗದಿತ ವೇಳೆ ಮುಗಿದ ಮೇಲಿನ ನಿಮಿಷಗಳಲ್ಲಿ ಅವರು ತಲೆಯಿಂದ ಹೊಡೆದ ಗೋಲು ಬೆಂಗಳೂರು ಎಫ್‌ಸಿಯನ್ನು ಫೈನಲಿಗೆ ಕೊಂಡೊಯ್ದಿತು. ತೊಂಬತ್ತು ನಿಮಿಷಗಳ ಓಟವನ್ನು ಕೇಳಬಾರದ ವಯಸ್ಸಿನಲ್ಲಿ ಅರ್ಧ ಗಂಟೆಯ ಓಟವನ್ನು ಕೇಳುವುದು ಜಾಣತನ.

ದುರ್ಗದವರಿಗೆ ಬದಲಿಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ಕಿಂಡಿಯ ಕಾವಲಿಗೆ ನಿಂತ ಓಬವ್ವನ ಹೆಸರೇ ನಮ್ಮ ಕ್ರೀಡಾಂಗಣಕ್ಕಿದೆ; ಕಾವಲುಗಾರನ ಹೆಸರು ಕೇಳಿದರೆ ಹಲವರು ತಡವರಿಸುತ್ತಾರೆ. ನಮ್ಮ ಖೋ ಖೋ ಆಟದಲ್ಲೂ ಓಡುವವರು ಮೂವರು ಮೂವರಾಗಿ ಒಳಬರುತ್ತಾರೆ. ಕಾಯುವುದು ಅಲ್ಲಿ ಆಟದ ಅಂಗವೇ. ಆದರೆ ತಾಲ್ಲೂಕು ಮಟ್ಟದ ಕಾಲ್ಚೆಂಡಿನ ಪಂದ್ಯದಲ್ಲಿ ಬೆಂಚಿನ ಹುಡುಗನೆಂದರೆ ನೀರಿನ ಬಾಟಲಿ ಕೊಡುವವನು, ಚಪ್ಪಲಿ ಕಾಯುವವನು. ಬಯಲುಸೀಮೆಯ ಬಿಸಿಲಿನಲ್ಲಿ ಎರಡು ತಾಸು ಕೂತು, ಬೆವರದೆ ಮನೆಗೆ ಹೋಗುತ್ತಾನೆ.

ಅವನಿಗೆ ಬೇಕಾದದ್ದು ದುಬಾರಿ ಉಪಕರಣವಲ್ಲ. ಅನೇಕ ವೃತ್ತಿಪರ ತಂಡಗಳಲ್ಲಿ ಪಂದ್ಯ ಮುಗಿದೊಡನೆ ಮೈದಾನಕ್ಕೆ ಇಳಿಯದವರನ್ನೂ ಕೆಲವೇ ನಿಮಿಷ ಆಡಿದವರನ್ನೂ ಮತ್ತೆ ಓಡಿಸುವ ರೂಢಿಯಿದೆ. ಅಡ್ಡಗೆರೆಯಿಂದ ಅಡ್ಡಗೆರೆಗೆ ಒಂದು ಧಾವಂತ, ಅರೆ ನಿಮಿಷ ವಿಶ್ರಾಂತಿ, ಮತ್ತೊಂದು ಧಾವಂತ. ಹತ್ತು ಹದಿನೈದು ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಆ ವೇಳೆಗೆ ಗೆದ್ದವರು ಹಾರ ಹಾಕಿಸಿಕೊಂಡು, ಪ್ರೇಕ್ಷಕರು ಬಸ್ ನಿಲ್ದಾಣದ ಕಡೆ ಹೊರಟಿರುತ್ತಾರೆ.