ಚಾವಿ ತಿರುಗಿದರೂ ಗಾಡಿ ಚಾಲೂ ಆಗದು!

ಅಕ್ಕಲಕೋಟ: ಪುಣೆ ಕಡೆಯಿಂದ ತಂದ ಹಳೆಯ ಕಾರು. ಜೊತೆಗೆ ಬಂದದ್ದು ಒಂದೇ ಚಾವಿ. ಅದರ ರಿಮೋಟ್ ಹಿಡಿಕೆ ಸೀಳಿದೆ ಎಂದು ಬಜಾರದಲ್ಲಿ ಹೊಸ ಕವಚ ಹಾಕಿಸಲಾಗುತ್ತದೆ. ಬಟನ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಚಾವಿಯೂ ತಿರುಗುತ್ತದೆ. ಎಂಜಿನ್ ಮಾತ್ರ ಏಳುವುದಿಲ್ಲ. ‘ಡೀಸೆಲ್ ಬರವಲ್ದು’ ಎಂದು ಒಬ್ಬ ಮೆಕ್ಯಾನಿಕ್, ‘ಬ್ಯಾಟರಿ ಹೋಗ್ಯದ’ ಎಂದು ಇನ್ನೊಬ್ಬ. ಎರಡು ದಿನ ಓಡಾಡಿದ ಮೇಲೆ ತಿಳಿಯುವುದೇನೆಂದರೆ, ಕಸಕ್ಕೆ ಎಸೆದ ಹಳೆಯ ಕವಚದೊಳಗೇ ಚಿಪ್ ಉಳಿದುಬಿಟ್ಟಿದೆ!

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಹಳೆಯ ಗಾಡಿ ಕೊಳ್ಳುವವರು ಟೈರು, ಎಂಜಿನ್, ಬಣ್ಣ ಎಲ್ಲ ನೋಡುತ್ತಾರೆ. ‘ಎರಡನೇ ಚಾವಿ ಎಲ್ಲದ?’ ಎಂದು ಕೇಳುವವರು ಕಡಿಮೆ. ಗಡಿ ದಾಟಿ ಬಂದ ಗಾಡಿಗೆ ಈ ಮರೆವು ದುಬಾರಿಯಾಗುತ್ತದೆ.

ಒಂದೇ ಹಿಡಿಕೆ, ಎರಡು ಕೆಲಸ

ರಿಮೋಟ್ ಬೇರೆ, ಇಮೊಬಿಲೈಜರ್ ಚಿಪ್ ಬೇರೆ. ಬಾಗಿಲು ತೆರೆಯುವ ರಿಮೋಟಿಗೆ ಬಿಲ್ಲೆಯಂಥ ಬ್ಯಾಟರಿ ಬೇಕು. ಚಿಪ್ಪಿಗೆ ಬ್ಯಾಟರಿಯೇ ಬೇಡ. ಚಾವಿ ತೂರಿಸುವ ಜಾಗದ ಸುತ್ತ ಒಂದು ತಂತಿಯ ಬಳೆ ಇರುತ್ತದೆ. ಚಾವಿ ತಿರುಗಿಸಿದಾಗ ಆ ಬಳೆಯಿಂದಲೇ ಚಿಪ್ಪಿಗೆ ಶಕ್ತಿ ಸಿಕ್ಕು ಅದು ತನ್ನ ಗುರುತು ಹೇಳುತ್ತದೆ. ಗುರುತು ಹೊಂದಿದರೆ ಗಾಡಿಯ ಕಂಪ್ಯೂಟರ್ ಎಂಜಿನ್ನಿಗೆ ಅನುಮತಿ ಕೊಡುತ್ತದೆ. ಹೊಂದದಿದ್ದರೆ ಕೆಲವು ಗಾಡಿಗಳಲ್ಲಿ ಸ್ಟಾರ್ಟರ್ ತಿರುಗುವುದೇ ಇಲ್ಲ, ಕೆಲವುಗಳಲ್ಲಿ ತಿರುಗಿದರೂ ಇಂಧನ ಹೋಗುವುದಿಲ್ಲ. ಮಾರುತಿ ಕಾರುಗಳಲ್ಲಿ ಇದಕ್ಕೆ ‘ಐಕ್ಯಾಟ್ಸ್’ ಎಂಬ ಹೆಸರಿದೆ. ಬ್ರಿಟನ್ನಿನಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಇಂಥ ವ್ಯವಸ್ಥೆ ಕಡ್ಡಾಯವಾಯಿತು.

ಆದ್ದರಿಂದ ಚಾವಿ ತಿರುಗಿಸಿ ಓಡಿಸುವ ಗಾಡಿ ಚಾಲೂ ಆಗದಿದ್ದರೆ ರಿಮೋಟಿನ ಸೆಲ್ ಬದಲಿಸಿ ಪ್ರಯೋಜನವಿಲ್ಲ. ಮೊದಲು ಮೀಟರಿನ ಮೇಲೆ ಚಾವಿ ಇಲ್ಲವೆ ಬೀಗದ ಚಿತ್ರದ ದೀಪ ಮಿಣುಕುತ್ತಿದೆಯೇ ನೋಡಬೇಕು. ಒಂದೇ ರಿಂಗಿನಲ್ಲಿ ಎರಡು ಚಿಪ್ ಚಾವಿ ಜೋತುಬಿದ್ದಿದ್ದರೂ ಗುರುತು ಗೊಂದಲವಾಗುವುದುಂಟು. ಒಂದನ್ನು ಬಿಚ್ಚಿ ನೋಡಿದರೆ ಕೆಲಸ ಆದೀತು. ಬಟನ್ ಒತ್ತಿ ಚಾಲೂ ಮಾಡುವ ಗಾಡಿಯಲ್ಲಿ ಸೆಲ್ ಸತ್ತರೆ, ಹಲವು ಮಾದರಿಗಳಲ್ಲಿ ರಿಮೋಟನ್ನೇ ಆ ಬಟನ್ನಿಗೆ ತಾಗಿಸಿ ಹಿಡಿದರೆ ಸಾಕು.

ಸೆಲ್ಲಿನ ಬೆನ್ನ ಮೇಲಿನ ಅಂಕಿಗೂ ಅರ್ಥವಿದೆ. ಸಿಆರ್ 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಅದರ ಜಾಗಕ್ಕೆ ತೆಳುವಾದ 2025 ಹಾಕಿದರೆ ಸಡಿಲಾಗಿ ರಿಮೋಟ್ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ. ಕವಚ ಬದಲಿಸುವಾಗಲಂತೂ ಕಣ್ಣೆದುರೇ ಮಾಡಿಸುವುದು ಒಳ್ಳೆಯದು. ಕೆಲವು ಚಿಪ್‌ಗಳು ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ನಳಿಕೆ, ಕೆಲವು ಕರಿ ಬಣ್ಣದ ಸಣ್ಣ ತುಂಡು. ಕಸವೆಂದು ಕೊಡವಿದರೆ ಕೆಲಸ ಕೆಟ್ಟಿತು.

ಒಂದಿದ್ದಾಗ ಸಸ್ತಾ, ಒಂದೂ ಇಲ್ಲದಾಗ ದುಬಾರಿ

ಕೈಯಲ್ಲಿ ನಡೆಯುವ ಚಾವಿ ಒಂದಾದರೂ ಇದ್ದಾಗ ಎರಡನೆಯದನ್ನು ಮಾಡಿಸುವುದು ಸುಲಭ. ಇದ್ದ ಚಿಪ್ಪನ್ನು ಓದಿ ನಕಲು ಮಾಡಬಹುದು, ಇಲ್ಲವೆ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಯಂತ್ರ ಜೋಡಿಸಿ ಹೊಸ ಚಿಪ್ಪನ್ನು ಗಾಡಿಗೆ ಪರಿಚಯಿಸಬಹುದು. ಎಲ್ಲ ಚಾವಿ ಕಳೆದರೆ ಗಾಡಿಯನ್ನು ಎಳೆದುಕೊಂಡು ಹೋಗುವ ಖರ್ಚು ಮೊದಲು. ಆಮೇಲೆ ಕಂಪನಿಯ ಗುಪ್ತ ಸಂಖ್ಯೆ, ಬೀಗದ ಸೆಟ್ಟು, ಕೆಲವೊಮ್ಮೆ ಕಂಪ್ಯೂಟರ್ ಡಬ್ಬಿಯನ್ನೇ ಬದಲಿಸುವ ಮಾತು. ವಾರಗಟ್ಟಲೆ ಕಾಯಬೇಕಾಗಲೂಬಹುದು.

ಕಳೆದ ಚಾವಿ ಯಾರ ಕೈಗೆ ಸಿಕ್ಕಿದೆಯೋ ಬಲ್ಲವರಾರು? ಹೊಸದು ಮಾಡಿಸುವಾಗ ಕಳೆದದ್ದರ ಗುರುತನ್ನು ಗಾಡಿಯ ನೆನಪಿನಿಂದ ಅಳಿಸಿ ಎಂದು ಹೇಳಬೇಕು. ಬರೀ ನಕಲು ಮಾಡಿಸಿದರೆ ಹಳೆಯದೂ ನಡೆಯುತ್ತಲೇ ಇರುತ್ತದೆ. ಇನ್ನೊಂದು ಜುಗಾಡ ಇದೆ: ಚಿಪ್ಪನ್ನು ಕಿತ್ತು ಸ್ಟೇರಿಂಗ್ ಪಟ್ಟಿಯೊಳಗೆ ಟೇಪು ಹಾಕಿ ಅಂಟಿಸುವುದು. ಗಾಡಿ ಚಾಲೂ ಆಗುತ್ತದೆ ಖರೆ, ಕಳ್ಳನಿಗೂ ಅಷ್ಟೇ ಸಲೀಸು.

ಕಾಗದ ಯಾರ ಹೆಸರಿನಲ್ಲಿ?

ಕಂಪನಿ ಸರ್ವಿಸ್ ಸೆಂಟರಿನವರು ಆರ್‌ಸಿ ಮತ್ತು ಮಾಲೀಕರ ಗುರುತಿನ ಚೀಟಿ ಕೇಳುತ್ತಾರೆ. ಗಡಿಯವರಿಗೆ ಗಂಟು ಬೀಳುವುದು ಇಲ್ಲಿಯೇ. ಗಾಡಿ ಎಂಎಚ್-12, ಮನೆ ಇಂಡಿಯಲ್ಲಿ. ಇಲ್ಲವೆ ಗಾಡಿ ಕೆಎ-28, ಮನೆ ಅಕ್ಕಲಕೋಟದಲ್ಲಿ. ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದರೆ, ಅವರ ಫೋನೂ ಹತ್ತದಿದ್ದರೆ, ಸ್ವಂತ ಗಾಡಿಯ ಚಾವಿ ಮಾಡಿಸಲು ಹೋದವರೇ ಅನುಮಾನಕ್ಕೆ ಗುರಿ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನ, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ ಆರ್‌ಟಿಒಗೆ ವರದಿ ಮಾಡಬೇಕು. ರಾಜ್ಯ ದಾಟುವ ಗಾಡಿಗೆ ಮೂಲ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರಿಗೆ ಅರ್ಜಿ ಹಾಕಬೇಕು. ‘ಮುಂದ ನೋಡೂಣು’ ಎಂದು ಬಿಟ್ಟ ಈ ಕೆಲಸಗಳೆಲ್ಲ ಚಾವಿ ಕಳೆದ ದಿನವೇ ಒಟ್ಟಿಗೆ ನೆನಪಾಗುತ್ತವೆ.

ಚಾವಿ ಕಳೆದ ಕೂಡಲೆ ಠಾಣೆಗೆ ಅರ್ಜಿ ಕೊಟ್ಟು ಮುದ್ರೆ ಹಾಕಿದ ಪ್ರತಿ ಪಡೆಯುವುದು ಅಗತ್ಯ. ಮಹಾರಾಷ್ಟ್ರದ ಕಡೆ ಇದಕ್ಕೆ ‘ಗಹಾಳ ದಾಖಲಾ’ ಎನ್ನುತ್ತಾರೆ. ಅದರ ಬೆಲೆ ತಿಳಿಯುವುದು ಗಾಡಿ ಕಳುವಾದಾಗ. ವಿಮಾ ಕಂಪನಿಗಳು ಪರಿಹಾರ ಕೊಡುವ ಮುಂಚೆ ಎರಡೂ ಚಾವಿ ಒಪ್ಪಿಸಲು ಕೇಳುತ್ತವೆ. ಒಂದೇ ಇದ್ದು, ಇನ್ನೊಂದು ಯಾವಾಗ ಹೋಯಿತೆಂಬುದಕ್ಕೆ ದಾಖಲೆ ಇಲ್ಲದಿದ್ದರೆ ತಕರಾರು ಖಚಿತ. ಚಾವಿ ಬದಲಿಸುವ ಖರ್ಚಿಗೂ ಈಗ ಪ್ರತ್ಯೇಕ ವಿಮಾ ಸೌಲಭ್ಯ ಸಿಗುತ್ತದೆ. ಪಾಲಿಸಿ ನವೀಕರಿಸುವಾಗ ಕೇಳಬೇಕಷ್ಟೆ.

ಇನ್ನು ಹಲವು ಹೊಸ ಗಾಡಿಗಳ ಚಾವಿ ಗೊಂಚಲಿನಲ್ಲಿ ಅಂಕಿ ಕೊರೆದ ಸಣ್ಣ ಬಿಲ್ಲೆ ಬರುತ್ತದೆ. ಚಾವಿ ಕಳೆದಾಗ ಹೊಸದನ್ನು ಕತ್ತರಿಸಲು ಆ ಅಂಕಿಯೇ ಆಧಾರ. ಹಳೆಯ ಗಾಡಿ ಕೊಳ್ಳುವಾಗ ಅದನ್ನೂ ಕೇಳಿ ಪಡೆಯಬೇಕು. ಕೆಲವರು ಅದನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇಟ್ಟಿರುತ್ತಾರೆ. ಚಾವಿ ಒಳಗೆ ಉಳಿದು ಬಾಗಿಲು ಬಿದ್ದ ದಿನ ಬಿಲ್ಲೆಯೂ ಒಳಗೇ!