ಬಾಯಾರಿದಾಗ ಹೂ ಬಿಡುವ ಮರ

ಜನವರಿಯಲ್ಲಿ ನಾಗಮಂಗಲದಿಂದ ಪಾಂಡವಪುರದ ಕಡೆಗೆ ಹೊರಟರೆ ಎರಡು ಬಗೆಯ ನೆಲ ಕಾಣುತ್ತದೆ. ಮೊದಲು ರಾಗಿ ಕೊಯ್ದು ಬರಿದಾದ ಕೆಮ್ಮಣ್ಣಿನ ಹೊಲ, ಅಲ್ಲಲ್ಲಿ ಮೈತುಂಬ ಹೂ ಬಿಟ್ಟ ಮಾವು. ಆಮೇಲೆ ವಿಶ್ವೇಶ್ವರಯ್ಯ ನಾಲೆಯ ಹಸಿರು: ಭತ್ತ, ಕಬ್ಬು, ಬಾಳೆ. ನೀರಿದ್ದ ಕಡೆ ಯಾವ ಹಣ್ಣಾದರೂ ಚೆನ್ನಾಗಿ ಬರುತ್ತದೆ ಎನ್ನುವುದು ನಮ್ಮ ಲೆಕ್ಕ. ಮಾವು ಆ ಲೆಕ್ಕಕ್ಕೆ ಒಗ್ಗುವುದಿಲ್ಲ.

ಬಾಳೆ ಮಾತ್ರ ಒಗ್ಗುತ್ತದೆ. ಅದಕ್ಕೆ ಋತುವಿನ ಹಂಗಿಲ್ಲ. ಮೂವತ್ತು ನಲವತ್ತು ಎಲೆ ಬಿಟ್ಟಾದ ಮೇಲೆ ಗೆಡ್ಡೆಯೊಳಗಿನ ಬೆಳೆಯುವ ತುದಿ ಎಲೆ ಹುಟ್ಟಿಸುವುದನ್ನು ನಿಲ್ಲಿಸಿ ಗೊನೆ ಕಟ್ಟತೊಡಗುತ್ತದೆ, ಅದು ಯಾವ ತಿಂಗಳೇ ಆಗಿರಲಿ. ಆ ಗೊನೆಯನ್ನು ಹೊತ್ತು ಮೇಲೇರುವ ನಿಜವಾದ ಕಾಂಡವೇ ನಾವು ಪಲ್ಯಕ್ಕೆ ಹೆಚ್ಚುವ ದಿಂಡು. ಹೆಚ್ಚಿನ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಒಂದೆರಡು ವಾರ ನೀರು ತಪ್ಪಿದರೂ ಬಾಳೆ ಸೊರಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ನೀರು ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿಗೆ ಇಳಿದದ್ದು ಇಂಥ ಬೆಳೆಗೆ ಹೇಳಿ ಮಾಡಿಸಿದ ಹಾಗಾಯಿತು.

ಮಾವಿನ ರೆಂಬೆಯ ತುದಿಯಲ್ಲಿ ಒಂದು ಮೊಗ್ಗು ಸುಮ್ಮನೆ ಮಲಗಿರುತ್ತದೆ. ಎದ್ದಾಗ ಅದು ಚಿಗುರೂ ಆಗಬಹುದು, ಹೂಗೊಂಚಲೂ ಆಗಬಹುದು. ತೀರ್ಮಾನ ಮೊಗ್ಗಿನದಲ್ಲ, ಅದರ ಕೆಳಗಿರುವ ಎಲೆಗಳದು. ಬಲಿತ ಎಲೆಗಳಿಗೆ ತಂಪು ತಾಕಿದಾಗ ಅಲ್ಲಿ ಹೂವಿನ ಸಂಕೇತ ಹುಟ್ಟಿ, ಸಕ್ಕರೆ ಸಾಗುವ ನಾಳಗಳಲ್ಲೇ ಹರಿದು ಮೊಗ್ಗನ್ನು ಸೇರುತ್ತದೆ. ಎಲೆಗಳನ್ನು ಮೊದಲೇ ಕಿತ್ತುಹಾಕಿದರೆ ಆ ಸಂಕೇತ ಹುಟ್ಟುವುದೇ ಇಲ್ಲ. ಅದಕ್ಕೆ ಎದುರಾಗಿ ಕೆಲಸ ಮಾಡುವ ಹಾರ್ಮೋನು ಜಿಬ್ಬೆರೆಲಿನ್. ಅದು ಹೆಚ್ಚಿದ್ದಷ್ಟೂ ಮೊಗ್ಗು ಚಿಗುರಿನ ಕಡೆಗೇ ವಾಲುತ್ತದೆ.

ನಾಗಮಂಗಲದ ಹವೆ ಹೂವಿನ ಪಕ್ಷದ್ದು. ಇಲ್ಲಿ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಆಕಾಶ ಬಹುಪಾಲು ಬರಿದು. ಊರು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಜನವರಿಯ ರಾತ್ರಿ 15–16 ಡಿಗ್ರಿಯ ಆಸುಪಾಸಿಗೆ ತಂಪಾಗುತ್ತದೆ. ಕೆಂಪು ಮರಳುಮಿಶ್ರ ಮಣ್ಣು ನೀರನ್ನು ಬೇಗ ಬಸಿದುಬಿಡುತ್ತದೆ. ಬಾಯಾರಿದ ಮರ ಹೊಸ ಚಿಗುರು ತಡೆಯುತ್ತದೆ. ಇರುವ ಎಲೆಗಳು ಬಲಿಯಲು ಬಿಡುವು ಸಿಗುತ್ತದೆ. ಆಳಕ್ಕಿಳಿದ ಬೇರು ಮರವನ್ನು ಸಾಯಗೊಡುವುದಿಲ್ಲ. ರಾಗಿಗೂ ಹುರುಳಿಗೂ ಮಾತ್ರ ಲಾಯಕ್ಕು ಎಂದು ಈ ನೆಲವನ್ನು ಹಳಿಯುವವರು ಮಾವಿನ ಮಾತು ಕೇಳಬೇಕು.

ಕೊಳವೆ ಬಾವಿ ತೋಡಿಸಿದವರು ಎಡವುವುದು ಇಲ್ಲೇ. ಒಣಗಿದ ತೋಟ ಕಂಡು ಮರುಕಪಟ್ಟು ನವೆಂಬರ್‌ನಲ್ಲಿ ಹನಿ ನೀರು ಬಿಡುತ್ತಾರೆ. ಮರ ತಾಮ್ರದ ಬಣ್ಣದ ಚಿಗುರಿನಿಂದ ತುಂಬಿ ನೋಡಲು ಸೊಗಸಾಗುತ್ತದೆ, ಆ ವರ್ಷ ಕಾಯಿ ಇರುವುದಿಲ್ಲ. ಜಿಬ್ಬೆರೆಲಿನ್ ತಯಾರಿಯನ್ನೇ ತಡೆಯುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ರಾಸಾಯನಿಕವನ್ನು ಬುಡಕ್ಕೆ ಹಾಕಿ ಹೂ ಬರಿಸುವುದೂ ಉಂಟು. ನನಗೆ ಅದು ಹಿಡಿಸುವುದಿಲ್ಲ. ಮಣ್ಣಿನಲ್ಲಿ ಬಹಳ ಕಾಲ ಉಳಿಯುವ ವಸ್ತು ಅದು. ಚಳಿಯೂ ಒಣಹವೆಯೂ ಪುಕ್ಕಟೆ ಸಿಗುವ ಕಡೆ ಅದರ ಅಗತ್ಯ ಕಡಿಮೆ.

ಹೂ ಬಂದ ಮಾತ್ರಕ್ಕೆ ಹಣ್ಣು ಬಂತು ಎಂದೂ ಅಲ್ಲ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಬಹಳಷ್ಟು ಬರೀ ಗಂಡು. ನೂರಕ್ಕೆ ಒಂದು ಹಣ್ಣಾಗುವುದೂ ಅಪರೂಪ. ಪರಾಗ ಸಾಗಿಸುವವುಗಳಲ್ಲಿ ಜೇನಿಗಿಂತ ನೊಣಗಳ ಪಾಲು ದೊಡ್ಡದು, ಹಾಗಾಗಿ ಹೂ ಅರಳಿರುವಾಗ ಕೀಟನಾಶಕ ಹೊಡೆದವರು ತಮ್ಮ ಕೂಲಿಯಾಳುಗಳನ್ನೇ ಕೊಂದ ಹಾಗೆ. ಮೋಡ, ಮಂಜು ಕವಿದರೆ ಬೂದಿ ರೋಗ ಬೇರೆ. ಬಾದಾಮಿಯಂಥ ತಳಿ ಒಂದು ವರ್ಷ ತುಂಬ ಕೊಟ್ಟರೆ ಮರುವರ್ಷ ಸುಸ್ತಾಗುತ್ತದೆ, ತೋತಾಪುರಿ ಹೆಚ್ಚು ನಂಬಿಕಸ್ತ.

ಕಾಯಿ ಕಚ್ಚಿ ಬಟಾಣಿಯಷ್ಟಾದ ಮೇಲೆ ಮರದ ಬೇಡಿಕೆ ತಿರುಗುತ್ತದೆ. ಆಗ ನೀರಿಲ್ಲದಿದ್ದರೆ ಮಿಡಿಗಳು ಉದುರುತ್ತವೆ. ಹನಿ ನೀರಿನ ಕೊಳವೆ ತೆರೆಯುವ ಸಮಯ ಅದು.